ಚಂದ್ರನ ಮಣ್ಣಿನ ಮಂಜುಗಡ್ಡೆ: ಎಷ್ಟಿದೆ ಎಂಬುದರ ಜೊತೆಗೆ ಹೇಗಿದೆ ಎಂಬುದೂ ಗೊತ್ತಾಗಬೇಕು

ಪ್ರಶ್ನೆ: ಚಂದ್ರನ ದಕ್ಷಿಣ ಧ್ರುವದ ಮಣ್ಣಿನಲ್ಲಿ ಶೇ 5ರಷ್ಟು ಮಂಜುಗಡ್ಡೆ ಇದೆ ಎಂದು ಓದಿದ್ದೇನೆ. ಮಣ್ಣು ಅಗೆದು, ಬಿಸಿ ಮಾಡಿ, ಆವಿ ಹಿಡಿದು ತಣಿಸಿದರೆ ನೀರು ಸಿಕ್ಕಂತೆಯೇ ಅಲ್ಲವೇ? ಇದರಲ್ಲಿ ಸಂಶೋಧನೆ ಮಾಡಲು ಏನು ಉಳಿದಿದೆ? ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಇದರ ಒಂದು ತುಣುಕನ್ನಾದರೂ ಕಾಲೇಜಿನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಆಗಿ ಮಾಡಬಹುದೇ?

ಉತ್ತರ: ಮಾಡಬಹುದು, ಚೆನ್ನಾಗಿಯೇ ಮಾಡಬಹುದು. ಅದಕ್ಕೆ ಮುನ್ನ ಆ ಶೇ 5 ಎಂಬ ಅಂಕಿ ಎಲ್ಲಿಂದ ಬಂತು, ಅದು ಏನನ್ನು ಹೇಳುತ್ತಿಲ್ಲ ಎಂಬುದನ್ನು ನೋಡಬೇಕು. ನಿಮ್ಮ ಪ್ರಾಜೆಕ್ಟಿಗೆ ವಿಷಯ ಸಿಗುವುದು ಅಲ್ಲೇ.

2009ರ ಅಕ್ಟೋಬರ್ 9ರಂದು ನಾಸಾದ ಎಲ್‌ಕ್ರಾಸ್ ಯೋಜನೆಯವರು ಇಂಧನ ಖಾಲಿಯಾದ ಸೆಂಟಾರ್ ರಾಕೆಟ್ ಹಂತವೊಂದನ್ನು ದಕ್ಷಿಣ ಧ್ರುವದ ಬಳಿಯ ಕೇಬಿಯಸ್ ಕುಳಿಗೆ ಬೇಕೆಂದೇ ಅಪ್ಪಳಿಸಿದರು. ಮೇಲೆದ್ದ ದೂಳು ಮತ್ತು ಆವಿಯನ್ನು ಹಿಂದೆಯೇ ಬರುತ್ತಿದ್ದ ನೌಕೆ ಅಳೆಯಿತು. ಮಣ್ಣಿನ ತೂಕದಲ್ಲಿ ನೀರಿನ ಪಾಲು ಶೇ 5.6 ಎಂದು ಲೆಕ್ಕ ಬಂತು. ಅದರಲ್ಲಿ ಶೇ 2.9ರಷ್ಟು ಆಚೀಚೆ ಆಗಬಹುದು. ಅಂದರೆ ಶೇ 2.7 ಇದ್ದರೂ ಇರಬಹುದು, ಶೇ 8.5 ಇದ್ದರೂ ಇರಬಹುದು. ಅದೂ ಒಂದು ಕುಳಿಯ ಒಂದೇ ಜಾಗದ್ದು. ಗಡ್ಡೆ ಯಾವ ರೂಪದಲ್ಲಿತ್ತು, ಮಣ್ಣಿನ ಕಣಗಳಿಗೆ ಹೇಗೆ ಅಂಟಿಕೊಂಡಿತ್ತು ಎನ್ನುವುದೆಲ್ಲ ಅಪ್ಪಳಿಸಿದ ಕ್ಷಣದಲ್ಲೇ ಅಳಿಸಿಹೋಯಿತು.

ಉಳಿದ ವಿಧಾನಗಳಿಗೂ ಒಂದೊಂದು ಮಿತಿ ಇದೆ. ನ್ಯೂಟ್ರಾನ್ ಉಪಕರಣಗಳು ಮೇಲಿನ ಸುಮಾರು ಒಂದು ಮೀಟರ್ ಮಣ್ಣಿನಲ್ಲಿರುವ ಹೈಡ್ರೋಜನ್ ಅಳೆಯುತ್ತವೆ. ಅದು ನೀರೇ ಎಂದು ಹೇಳಲಾರವು. ಚಂದ್ರಯಾನ-1ರಲ್ಲಿ ಹೋಗಿದ್ದ, ನೆಲದಿಂದ ಪ್ರತಿಫಲಿಸಿದ ಬೆಳಕನ್ನು ಅಳೆಯುವ ನಾಸಾದ ಎಂ-ಕ್ಯೂಬ್ ಉಪಕರಣದ ದತ್ತಾಂಶದಿಂದ ಧ್ರುವಗಳ ನೆರಳಿನ ಜಾಗಗಳಲ್ಲಿ ಗಡ್ಡೆ ಮೇಲ್ಮೈಯಲ್ಲೇ ಇದೆ ಎಂದು 2018ರಲ್ಲಿ ತೋರಿಸಲಾಯಿತು. ಆದರೆ ಅದು ಕಾಣುವುದು ಮೇಲಿನ ಮಿಲಿಮೀಟರ್ ಲೆಕ್ಕದ ಪದರವನ್ನು ಮಾತ್ರ. ಗಡ್ಡೆಯಿಂದ ಬರುವ ರೇಡಾರ್ ಸಂಕೇತವೂ ಕಲ್ಲುಕಲ್ಲಾದ ನೆಲದಿಂದ ಬರುವ ಸಂಕೇತವೂ ಬಹುಮಟ್ಟಿಗೆ ಒಂದೇ ತರ. ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ನೀರಿದೆ ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಗಣಿಗಾರಿಕೆಯ ಯಂತ್ರ ವಿನ್ಯಾಸ ಮಾಡುವವರಿಗೆ ಮಾತ್ರ ಅಷ್ಟು ಸಾಲದು.

ಒಂದೇ ಶೇ 5, ಮೂರು ಬೇರೆ ಮಣ್ಣು

ರವೆಗೆ ಸಕ್ಕರೆ ಪುಡಿ ಬೆರೆಸಿದರೆ ಅದು ಉದುರುದುರಾಗಿಯೇ ಇರುತ್ತದೆ. ಅಷ್ಟೇ ಸಕ್ಕರೆಯನ್ನು ಪಾಕ ಮಾಡಿ ಬೆರೆಸಿದರೆ ರವೆ ಉಂಡೆ ಗಟ್ಟಿಯಾಗುತ್ತದೆ. ಚಂದ್ರನ ಮಣ್ಣಿನಲ್ಲಿರುವ ಗಡ್ಡೆಯ ಕತೆಯೂ ಇದೇ. ತೂಕ ಒಂದೇ, ಗುಣ ಪೂರ್ತಿ ಬೇರೆ.

ಮೊದಲ ರೂಪದಲ್ಲಿ ಗಡ್ಡೆಯ ಚಿಕ್ಕ ಹರಳುಗಳು ಮಣ್ಣಿನ ಕಣಗಳ ನಡುವೆ ಬಿಡಿಬಿಡಿಯಾಗಿ ಕೂತಿರುತ್ತವೆ. ಉಲ್ಕೆಗಳ ಹೊಡೆತ ಕೋಟ್ಯಂತರ ವರ್ಷ ನೆಲವನ್ನು ಮಗುಚುತ್ತಲೇ ಇರುವ ಕಡೆ ಇದು ಸಹಜ. ಇಂಥ ಮಣ್ಣನ್ನು ಸಾಧಾರಣ ಬಕೆಟ್ಟಿನಿಂದ ತೋಡಬಹುದು. ಎರಡನೆಯ ರೂಪದಲ್ಲಿ ಆವಿ ಬಂದು ತಣ್ಣನೆಯ ಕಣಗಳ ಮೇಲೆ ತೆಳುವಾಗಿ ಕೂತಿರುತ್ತದೆ; ಕಣಗಳು ತಾಗುವ ಬಿಂದುಗಳಲ್ಲಿ ಸಣ್ಣ ಕುತ್ತಿಗೆಗಳು ಬೆಳೆದಿದ್ದರೆ ಮಣ್ಣು ಸ್ವಲ್ಪ ಬಿಗಿದಿರುತ್ತದೆ. ಮೂರನೆಯದು ಪೂರ್ತಿ ಸಿಮೆಂಟಿನಂತೆ ಕಟ್ಟಿಕೊಂಡದ್ದು. ಕೃತಕ ಚಂದ್ರಮಣ್ಣಿಗೆ ನೀರು ಕಲಸಿ ದ್ರವ ಸಾರಜನಕದ ತಾಪದಲ್ಲಿ ಹೆಪ್ಪುಗಟ್ಟಿಸಿ ಮುರಿದು ನೋಡಿದ ಪ್ರಯೋಗಗಳಲ್ಲಿ, ನೀರು ಶೇ 1ರ ಆಸುಪಾಸು ಇದ್ದಾಗ ಅದು ದುರ್ಬಲ ಜೇಡಿಗಲ್ಲಿನಷ್ಟು, ಶೇ 10ರ ಹತ್ತಿರ ಬಂದಾಗ ಗಟ್ಟಿ ಸುಣ್ಣಕಲ್ಲಿನಷ್ಟು ಬಲ ತೋರಿದೆ. ಅಲ್ಲಿ ಬಕೆಟ್ ಕೆಲಸಕ್ಕೆ ಬಾರದು, ಕುಟ್ಟುತ್ತ ತಿರುಗುವ ಡ್ರಿಲ್ ಬೇಕು.

ಚಂದ್ರನ ಮೇಲೆ ದ್ರವ ನೀರು ಇರಲು ಸಾಧ್ಯವೇ ಇಲ್ಲ ಎನ್ನುವುದನ್ನು ಇಲ್ಲಿ ಗಮನಿಸಿ. ನೀರು ದ್ರವವಾಗಿ ನಿಲ್ಲಲು ಕನಿಷ್ಠ 611 ಪಾಸ್ಕಲ್ ಒತ್ತಡ ಬೇಕು, ಅಲ್ಲಿರುವುದು ಬಹುತೇಕ ನಿರ್ವಾತ. ಹಾಗಾಗಿ ನೀರು ಕಲಸಿ ಹೆಪ್ಪುಗಟ್ಟಿಸಿದ ಮಾದರಿ ಲ್ಯಾಬಿನಲ್ಲಿ ಮಾಡಲು ಸುಲಭವಾದರೂ ಚಂದ್ರನ ಮಣ್ಣನ್ನು ಅದು ಅತಿ ಗಟ್ಟಿಯಾಗಿ ತೋರಿಸುವ ಸಂಭವ ಹೆಚ್ಚು. ಅದನ್ನು ಮೇಲಿನ ಮಿತಿ ಎಂದು ಹಿಡಿಯುವುದು ಸರಿ. ಬರೀ ಅದೊಂದನ್ನೇ ಪರೀಕ್ಷಿಸಿ ‘ಚಂದ್ರನ ಮಣ್ಣಿನ ಬಲ ಇಷ್ಟು’ ಎಂದು ಬರೆಯುವುದು ಸರಿಯಲ್ಲ. ಇನ್ನೊಂದು ಸಂಗತಿಯೂ ಇದೆ. ಸುಮಾರು 130 ಕೆಲ್ವಿನ್‌ಗಿಂತ (ಮೈನಸ್ 143 ಡಿಗ್ರಿ ಸೆಲ್ಸಿಯಸ್) ತಣ್ಣಗಿನ ಮೇಲ್ಮೈಗೆ ಆವಿ ಬಂದು ಕೂತರೆ ಹರಳಿನ ರಚನೆಯೇ ಇಲ್ಲದ ಗಡ್ಡೆ ಆಗುತ್ತದೆ. ಬಿಸಿ ಮಾಡುವಾಗ 130ರಿಂದ 150 ಕೆಲ್ವಿನ್ ನಡುವೆ ಅದು ಹರಳಾಗುತ್ತದೆ, ಆಗ ಸ್ವಲ್ಪ ಶಾಖವನ್ನೂ ಒಳಗೆ ಸಿಕ್ಕಿಕೊಂಡಿದ್ದ ಅನಿಲಗಳನ್ನೂ ಹೊರಬಿಡುತ್ತದೆ. ನಮ್ಮ ಫ್ರೀಜರಿನ ಗಡ್ಡೆ ಹೀಗೆ ನಡೆದುಕೊಳ್ಳುವುದಿಲ್ಲ.

ಹತ್ತು ಡಿಗ್ರಿ ಮಾಡುವ ವ್ಯತ್ಯಾಸ

ಗಡ್ಡೆ ನೀರಾಗದೆ ನೇರವಾಗಿ ಆವಿಯಾಗುವ ಉತ್ಪತನದ ವೇಗ ತಾಪಮಾನಕ್ಕೆ ಎಷ್ಟು ಸೂಕ್ಷ್ಮ ಎನ್ನುವುದು ಅಂಕಿ ನೋಡಿದರೆ ಮಾತ್ರ ಮನಸ್ಸಿಗೆ ಬರುತ್ತದೆ. ನಿರ್ವಾತದಲ್ಲಿ ತೆರೆದಿಟ್ಟ ಶುದ್ಧ ಗಡ್ಡೆಯ ಆವಿ ಒತ್ತಡದಿಂದ ಲೆಕ್ಕ ಹಾಕಿದರೆ, 100 ಕೆಲ್ವಿನ್‌ನಲ್ಲಿ 100 ಕೋಟಿ ವರ್ಷಕ್ಕೆ ಕಳೆದುಹೋಗುವುದು ಒಂದು ಮಿಲಿಮೀಟರಿಗೂ ಕಡಿಮೆ. 110ರಲ್ಲಿ ಅದೇ ಅವಧಿಗೆ ಸುಮಾರು 15 ಸೆಂಟಿಮೀಟರ್. 120ರಲ್ಲಿ ಸುಮಾರು 14 ಮೀಟರ್. 150ಕ್ಕೆ ಬಂದರೆ ವರ್ಷಕ್ಕೆ 0.3 ಮಿಲಿಮೀಟರ್. 200ರಲ್ಲಿ ಗಂಟೆಗೆ 0.8 ಮಿಲಿಮೀಟರ್. 220ರಲ್ಲಿ ಗಂಟೆಗೆ 13 ಮಿಲಿಮೀಟರ್.

ಚಂದ್ರನ ಅಕ್ಷ ಕೇವಲ ಒಂದೂವರೆ ಡಿಗ್ರಿಯಷ್ಟು ವಾಲಿರುವುದರಿಂದ ಧ್ರುವದ ಆಳದ ಕುಳಿಗಳ ತಳಕ್ಕೆ ಬಿಸಿಲೇ ಬೀಳುವುದಿಲ್ಲ. ಅಲ್ಲಿ 100 ಕೆಲ್ವಿನ್‌ಗಿಂತ ಕೆಳಗಿರುವ ನೆಲ ವಿಸ್ತಾರವಾಗಿದೆ. ಉತ್ತರ ಧ್ರುವದ ಹರ್ಮೈಟ್ ಕುಳಿಯ ಒಳಗೆ 30 ಕೆಲ್ವಿನ್‌ಗೂ ಕೆಳಗಿನ ತಾಪ ದಾಖಲಾಗಿದೆ. ಗಡ್ಡೆ ಅಷ್ಟು ಕಾಲ ಉಳಿದಿರುವುದು ಇದರಿಂದಲೇ. ನಾವು ಅದನ್ನು ಮುಟ್ಟಿದ ಕೂಡಲೇ ಕಳೆದುಕೊಳ್ಳುವ ಅಪಾಯವೂ ಇದೇ ಸೂಕ್ಷ್ಮತೆಯಿಂದ ಬರುತ್ತದೆ.

ಡ್ರಿಲ್ ತೆಗೆದುಕೊಳ್ಳಿ. ಒಂದು ಘನ ಸೆಂಟಿಮೀಟರ್ ಮಣ್ಣು ಕೊರೆಯಲು 100 ಜೂಲ್ ಖರ್ಚಾಯಿತು ಎನ್ನೋಣ. ಅಷ್ಟು ಮಣ್ಣಿನ ತೂಕ ಸುಮಾರು 1.8 ಗ್ರಾಂ, ಆ ಚಳಿಯಲ್ಲಿ ಒಂದು ಗ್ರಾಮಿನ ತಾಪ ಒಂದು ಡಿಗ್ರಿ ಏರಲು 0.4 ಜೂಲ್ ಸಾಕು. ಶಾಖವೆಲ್ಲ ಪುಡಿಯಲ್ಲೇ ಉಳಿದರೆ 140 ಡಿಗ್ರಿ ಏರಿಕೆ, ಅರ್ಧ ಉಳಿದರೆ 70. ನೂರು ಕೆಲ್ವಿನ್‌ನಲ್ಲಿದ್ದ ಮಣ್ಣು 170ಕ್ಕೆ ಬಂತು. ಆ ತಾಪದಲ್ಲಿ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ದಪ್ಪದ ಹಿಮದ ಲೇಪ ಕಾಲು ಗಂಟೆಯಲ್ಲಿ ಮಾಯ, 10 ಮೈಕ್ರಾನ್ ತ್ರಿಜ್ಯದ ಹರಳು ಎರಡೂವರೆ ಗಂಟೆ ತಡೆಯುತ್ತದೆ. 200 ಕೆಲ್ವಿನ್ ಆಗಿಬಿಟ್ಟರೆ ಲೇಪಕ್ಕೆ ನಾಲ್ಕೈದು ಸೆಕೆಂಡ್, ಹರಳಿಗೆ ಮುಕ್ಕಾಲು ನಿಮಿಷ. ಉಪಕರಣದ ಬಟ್ಟಲಿಗೆ ಮಣ್ಣು ಬೀಳುವಷ್ಟರಲ್ಲಿ ನೀರು ಹೋಗಿದ್ದರೆ ‘ಇಲ್ಲಿ ನೀರಿಲ್ಲ’ ಎಂಬ ತಪ್ಪು ವರದಿ ಭೂಮಿಗೆ ಬರುತ್ತದೆ. ಅದಕ್ಕೇ ನಾಸಾದ ಟ್ರೈಡೆಂಟ್ ಡ್ರಿಲ್ ಒಂದು ಮೀಟರನ್ನು ಒಂದೇ ಬಾರಿಗೆ ಕೊರೆಯುವುದಿಲ್ಲ. ಹತ್ತು ಸೆಂಟಿಮೀಟರ್ ಕೊರೆದು, ಮೇಲೆತ್ತಿ, ಪುಡಿಯನ್ನು ಉದುರಿಸಿ, ಮತ್ತೆ ಇಳಿಯುತ್ತದೆ. ತುದಿಯಲ್ಲಿ ತಾಪಮಾಪಕವೂ ಇದೆ. 2025ರ ಮಾರ್ಚ್‌ನಲ್ಲಿ ಇದನ್ನು ಹೊತ್ತ ಅಥೀನಾ ಲ್ಯಾಂಡರ್ ದಕ್ಷಿಣ ಧ್ರುವದ ಬಳಿಯ ಮಾನ್ಸ್ ಮೌಟನ್ ಪ್ರದೇಶದಲ್ಲಿ ಪಕ್ಕಕ್ಕೆ ಮಗುಚಿ ಇಳಿದಿದ್ದರಿಂದ ಡ್ರಿಲ್ ಅನ್ನು ಆಡಿಸಿ ನೋಡಲಾಯಿತೇ ಹೊರತು ಮಣ್ಣಿಗೆ ಇಳಿಸಲಾಗಲಿಲ್ಲ. ಆ ದತ್ತಾಂಶ ಕೈತಪ್ಪಿದ್ದು ಈ ಕ್ಷೇತ್ರಕ್ಕೆ ನಿಜವಾದ ನಷ್ಟ.

ಶಾಖ ಒಳಗೆ ಹೋಗುವುದೇ ಇಲ್ಲ

ಈಗ ನಿಮ್ಮ ‘ಬಿಸಿ ಮಾಡಿದರೆ ಆಯಿತಲ್ಲ’ ಎಂಬ ಮಾತಿಗೆ ಬರೋಣ. ಬೇಕಾಗುವ ಶಕ್ತಿಯನ್ನಷ್ಟೇ ಲೆಕ್ಕ ಹಾಕಿದರೆ ನೀವು ಹೇಳುವುದು ಸರಿ. ಶೇ 5ರ ಮಣ್ಣಿನಲ್ಲಿ ಒಂದು ಕಿಲೋ ನೀರಿಗೆ 19 ಕಿಲೋ ಒಣ ಮಣ್ಣು ಜೊತೆಗಿರುತ್ತದೆ. ಅದನ್ನು 100ರಿಂದ 250 ಕೆಲ್ವಿನ್‌ಗೆ ತರಲು ಸುಮಾರು 1.3 ಮೆಗಾಜೂಲ್, ಗಡ್ಡೆಯನ್ನೇ ಬಿಸಿ ಮಾಡಲು 0.2, ಆವಿ ಮಾಡಲು 2.84. ಒಟ್ಟು ಸುಮಾರು 4.3 ಮೆಗಾಜೂಲ್, ಅಂದರೆ 1.2 ಯೂನಿಟ್ ವಿದ್ಯುತ್. ನೀರು ಶೇ 1 ಮಾತ್ರ ಇದ್ದರೆ ಇದು 2.7 ಯೂನಿಟ್‌ಗೆ ಏರುತ್ತದೆ. ಅದೇ ಒಂದು ಕಿಲೋ ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಲು ಸಿದ್ಧಾಂತದಲ್ಲೇ 4.4 ಯೂನಿಟ್ ಬೇಕು. ಶಕ್ತಿಯ ಬಿಲ್‌ನಲ್ಲಿ ಬಿಸಿ ಮಾಡುವ ಖರ್ಚು ದೊಡ್ಡದಲ್ಲ.

ತೊಡಕು ಇರುವುದು ಆ ಶಾಖವನ್ನು ಗಡ್ಡೆಗೆ ತಲುಪಿಸುವುದರಲ್ಲಿ. ನಿರ್ವಾತದಲ್ಲಿ ಚಂದ್ರನ ಒಣ ಮಣ್ಣಿನ ಉಷ್ಣವಾಹಕತೆ ಸಡಿಲ ಮೇಲ್ಪದರದಲ್ಲಿ 0.001 ವ್ಯಾಟ್‌ನ ಆಸುಪಾಸಿನಿಂದ, ಆಳದ ಒತ್ತಾದ ಮಣ್ಣಿನಲ್ಲಿ ಸುಮಾರು 0.01ರವರೆಗೆ, ಪ್ರತಿ ಮೀಟರ್ ಪ್ರತಿ ಕೆಲ್ವಿನ್‌ಗೆ. ಕಟ್ಟಡಗಳಲ್ಲಿ ಶಾಖ ತಡೆಯಲು ಹಾಕುವ ಗಾಜಿನ ಉಣ್ಣೆಯದೇ 0.04. ಕಣಗಳು ಒಂದನ್ನೊಂದು ತಾಗುವುದು ಬಿಂದುಗಳಲ್ಲಿ ಮಾತ್ರ, ನಡುವೆ ಶಾಖ ಒಯ್ಯಲು ಗಾಳಿ ಇಲ್ಲ. 2023ರ ಆಗಸ್ಟ್‌ನಲ್ಲಿ ವಿಕ್ರಮ್ ಲ್ಯಾಂಡರಿನ ಚಾಸ್ಟೆ ಉಪಕರಣ ಹತ್ತು ಸಂವೇದಕಗಳ ಸೂಜಿಯನ್ನು ನೆಲಕ್ಕೆ ಚುಚ್ಚಿ ಅಳೆದಾಗ ಇದು ಕಣ್ಣಿಗೆ ಕಂಡಿತು: ಇಸ್ರೋ ಮೊದಲು ಬಿಡುಗಡೆ ಮಾಡಿದ ಗ್ರಾಫ್‌ನಲ್ಲಿ ಮೇಲ್ಮೈ ತಾಪ 50 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಎಂಟು ಸೆಂಟಿಮೀಟರ್ ಕೆಳಗೆ ಮೈನಸ್ 10.

ವಾಹಕತೆ 0.003 ಎಂದಿಟ್ಟುಕೊಂಡರೆ ಶಾಖ ಒಣ ಮಣ್ಣಿನಲ್ಲಿ ಒಂದು ಸೆಂಟಿಮೀಟರ್ ಇಳಿಯಲು ಒಂಬತ್ತು ಗಂಟೆಯ ಲೆಕ್ಕ, ಹತ್ತು ಸೆಂಟಿಮೀಟರಿಗೆ ನಲವತ್ತು ದಿನದ ಲೆಕ್ಕ. ದೂರ ಹತ್ತರಷ್ಟಾದರೆ ಸಮಯ ನೂರರಷ್ಟಾಗುತ್ತದೆ. ಮೇಲಿನಿಂದ ಬಿಸಿ ಮಾಡುವ ವಿಧಾನಕ್ಕೆ ಇದೇ ದೊಡ್ಡ ಅಡ್ಡಿ. ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನವರು ಮುಂದಿಟ್ಟ ಥರ್ಮಲ್ ಮೈನಿಂಗ್ ಯೋಜನೆಯಲ್ಲಿ ಕುಳಿಯ ಅಂಚಿನ ಕನ್ನಡಿಗಳಿಂದ ಬಿಸಿಲನ್ನು ನೆರಳಿನ ನೆಲಕ್ಕೆ ತಿರುಗಿಸಿ, ಮೇಲೆ ಗುಡಾರ ಹೊದಿಸಿ ಆವಿ ಹಿಡಿಯುತ್ತಾರೆ. ಮಣ್ಣು ಅಗೆಯುವ ಯಂತ್ರವೇ ಬೇಡ ಎನ್ನುವುದು ಅದರ ಚೆಲುವು. ಆದರೆ ಮೇಲಿನ ಗಡ್ಡೆ ಆವಿಯಾದಂತೆ ಅಲ್ಲೊಂದು ಒಣ ಪದರ ಉಳಿಯುತ್ತದೆ, ಅದು ಕೆಳಗಿನ ಗಡ್ಡೆಗೆ ಕಂಬಳಿಯಾಗುತ್ತದೆ. ಮೇಲ್ಮೈ 350 ಕೆಲ್ವಿನ್, ಗಡ್ಡೆ ಇರುವ ಮಟ್ಟ 200 ಕೆಲ್ವಿನ್ ಎಂದು ಹಿಡಿಯಿರಿ. ಒಣ ಪದರ 5 ಮಿಲಿಮೀಟರ್ ಇರುವಾಗ ಒಂದು ಚದರ ಮೀಟರಿಗೆ ದಿನಕ್ಕೆ ಹೆಚ್ಚೆಂದರೆ 2.7 ಕಿಲೋ ನೀರು ಬರುತ್ತದೆ. ಪದರ 5 ಸೆಂಟಿಮೀಟರ್ ಆದ ಮೇಲೆ 270 ಗ್ರಾಂ. ಬರೀ ಮೇಲಿನ 5 ಸೆಂಟಿಮೀಟರನ್ನು ಬಳಸಿ ಮುಂದೆ ಸಾಗುವುದಾದರೆ, ಒಂದು ಟನ್ ನೀರಿಗೆ 235 ಚದರ ಮೀಟರ್ ನೆಲ ಬೇಕು.

ಇದಕ್ಕೆ ಪರಿಹಾರ ಹುಡುಕುವವರು ಮಣ್ಣಿಗೆ ಬಿಸಿ ಸಲಾಕೆಗಳನ್ನು ಹತ್ತಿರ ಹತ್ತಿರ ಇಳಿಸುತ್ತಾರೆ, ಅಥವಾ ಅಗೆದ ಮಣ್ಣನ್ನು ಮುಚ್ಚಿದ ಪಾತ್ರೆಯಲ್ಲಿ ಕದಡುತ್ತ ಬಿಸಿ ಮಾಡುತ್ತಾರೆ. ಕದಡುವುದೇ ಹೆಚ್ಚು ಭರವಸೆಯ ದಾರಿ ಎಂಬುದು ನಮ್ಮ ಅಭಿಪ್ರಾಯ, ತಿರುಗುವ ಭಾಗಗಳಿಗೆ ಆ ಚೂಪು ದೂಳು ಎಷ್ಟೇ ಕಾಟ ಕೊಡಲಿ. ಮೈಕ್ರೋವೇವ್ ಹೊರಗಿನಿಂದಲೇ ಒಳಗೆ ಬಿಸಿ ಮಾಡುತ್ತದೆ ಎನ್ನುವುದು ಆಕರ್ಷಕ. ಆದರೆ ಇಷ್ಟು ಚಳಿಯಲ್ಲಿ ಗಡ್ಡೆಯೂ, ಕಬ್ಬಿಣ-ಟೈಟಾನಿಯಂ ಖನಿಜ ಕಡಿಮೆ ಇರುವ ಧ್ರುವದ ಬಿಳಿ ಮಣ್ಣೂ ಮೈಕ್ರೋವೇವನ್ನು ಅಷ್ಟಾಗಿ ಹೀರುವುದಿಲ್ಲ.

ಇಲ್ಲಿಯೇ ಗಡ್ಡೆಯ ರೂಪ ಮತ್ತೆ ತಲೆಹಾಕುತ್ತದೆ. ನೂರು ಕೆಲ್ವಿನ್‌ನಲ್ಲಿ ಶುದ್ಧ ಗಡ್ಡೆಯ ಉಷ್ಣವಾಹಕತೆ ಇದೇ ಅಳತೆಯಲ್ಲಿ ಸುಮಾರು 5.7, ಸಡಿಲ ಒಣ ಮಣ್ಣಿನ ಸಾವಿರಪಟ್ಟಿಗೂ ಹೆಚ್ಚು. ಗಡ್ಡೆ ಕಣಗಳ ನಡುವೆ ಸೇತುವೆಯಾಗಿ ಕೂತಿದ್ದರೆ ಶಾಖ ಅದರ ಮೂಲಕ ಓಡುತ್ತದೆ. ಬಿಡಿ ಹರಳಾಗಿದ್ದರೆ ಅಷ್ಟೇ ಪ್ರಮಾಣದ ಗಡ್ಡೆಯಿಂದ ವಾಹಕತೆ ಹೆಚ್ಚೇನೂ ಏರುವುದಿಲ್ಲ. ಅಗೆಯಲು ಕಷ್ಟವಾದ ಮಣ್ಣೇ ಬಿಸಿ ಮಾಡಲು ಸುಲಭ, ಅಗೆಯಲು ಸುಲಭವಾದದ್ದು ಬಿಸಿ ಮಾಡಲು ಕಷ್ಟ. ಯಂತ್ರದ ಆಯ್ಕೆ ಇದರ ಮೇಲೆ ನಿಂತಿದೆ.

ಹೊರಟ ಆವಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಮುಂದಿನ ಪ್ರಶ್ನೆ. ಅದು ನಮ್ಮ ಪಾತ್ರೆಯ ಕಡೆಗೇ ಬರಬೇಕೆಂಬ ನಿಯಮವಿಲ್ಲ. ಸಲಾಕೆಯ ಸುತ್ತ ಬಿಸಿಯಾದ ಜಾಗದಿಂದ ಹೊರಟ ಆವಿಯ ಒಂದು ಭಾಗ ಪಕ್ಕದ ತಣ್ಣನೆಯ ಮಣ್ಣಿಗೆ ನುಗ್ಗಿ ಅಲ್ಲೇ ಮತ್ತೆ ಗಡ್ಡೆಯಾಗುತ್ತದೆ, ಅದೂ ಕಣಗಳು ತಾಗುವ ಮೂಲೆಗಳಲ್ಲಿ. ಉದುರಾಗಿದ್ದ ಮಣ್ಣು ಹೀಗೆ ಕಟ್ಟಿಕೊಳ್ಳುತ್ತದೆ. ಬೆಳಿಗ್ಗೆ ಅಳೆದ ಬಲ, ವಾಹಕತೆ, ರಂಧ್ರ ಪ್ರಮಾಣ ಸಂಜೆಗೆ ನಿಜವಾಗಿರುವುದಿಲ್ಲ. ಗಣಿಗಾರಿಕೆಯ ಮಾದರಿ ಲೆಕ್ಕಗಳಲ್ಲಿ ಸುಲಭವಾಗಿ ತಪ್ಪಿಹೋಗುವ ಸಂಗತಿ ಇದು.

ಆವಿ ಹಿಡಿಯುವ ತಣ್ಣನೆಯ ಫಲಕದ ತಾಪವನ್ನೂ ಯೋಚಿಸಿ ಇಡಬೇಕು. 150 ಕೆಲ್ವಿನ್‌ನಲ್ಲಿ ಗಡ್ಡೆಯ ಆವಿ ಒತ್ತಡ ಪಾಸ್ಕಲ್‌ನ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ, ನೀರು ಚೆನ್ನಾಗಿ ನಿಲ್ಲುತ್ತದೆ. ಅದಕ್ಕಿಂತ ತುಂಬ ತಣ್ಣಗಿಟ್ಟರೆ ಬೇಡದವೂ ಬಂದು ಕೂರುತ್ತವೆ. ಕೇಬಿಯಸ್‌ನಲ್ಲಿ ಅಪ್ಪಳಿಸಿದಾಗ ಎದ್ದ ಮೋಡದಲ್ಲಿ ನೀರಿನ ಜೊತೆ ಹೈಡ್ರೋಜನ್ ಸಲ್ಫೈಡ್, ಅಮೋನಿಯ, ಸಲ್ಫರ್ ಡೈಆಕ್ಸೈಡ್, ಇಂಗಾಲದ ಡೈಆಕ್ಸೈಡ್, ಮೆಥನಾಲ್, ಪಾದರಸ ಕೂಡ ಕಂಡಿದ್ದವು. ಗಂಧಕದ ಅನಿಲಗಳು ನೀರನ್ನು ಒಡೆಯುವ ವಿದ್ಯುದ್ವಿಭಜನೆ ಯಂತ್ರದ ವೇಗವರ್ಧಕವನ್ನು ಕೆಡಿಸುತ್ತವೆ, ಅಮೋನಿಯ ಅದರ ಪೊರೆಯನ್ನು ಕೆಡಿಸುತ್ತದೆ. 150 ಕೆಲ್ವಿನ್ ಆಸುಪಾಸಿನ ಫಲಕವನ್ನು ಇವು ಬಹುಮಟ್ಟಿಗೆ ದಾಟಿ ಹೋಗುತ್ತವೆ. ಪಾದರಸ ಖಂಡಿತ ನೀರಿನ ಜೊತೆಯೇ ಕೂರುತ್ತದೆ. ಅದನ್ನು ಆಮೇಲೆ ಬೇರೆ ಮಾಡಬೇಕು.

ಕಾಲೇಜಿನಲ್ಲಿ ಏನು ಮಾಡಬಹುದು

ಪೂರ್ತಿ ನಿರ್ವಾತ ಕೋಣೆಯ ಕನಸು ಬಿಡಿ. ಒಂದು ಪ್ರಶ್ನೆ ಹಿಡಿಯಿರಿ: ಅಷ್ಟೇ ತೂಕದ ಗಡ್ಡೆಯನ್ನು ಎರಡು ಬಗೆಯಲ್ಲಿ ಸೇರಿಸಿದರೆ ಮಣ್ಣಿನ ಬಲದಲ್ಲಿ ಎಷ್ಟು ವ್ಯತ್ಯಾಸ? ಇದಕ್ಕೆ ಬೇಕಾದದ್ದು ದ್ರವ ಸಾರಜನಕ, ಓವನ್, ಜರಡಿ, ತಕ್ಕಡಿ, ಮಾದರಿಯನ್ನು ಒತ್ತಿ ಮುರಿದು ಬಲ ಅಳೆಯಲು ನಿಮ್ಮ ವಿಭಾಗದಲ್ಲೇ ಇರುವ ಯುಟಿಎಂ ಯಂತ್ರ.

ಮಣ್ಣಿನಿಂದ ಶುರು ಮಾಡಿ. ಇಸ್ರೋದ ಎಲ್‌ಎಸ್‌ಎಸ್-ಐಸಾಕ್-1 ಎಂಬ ಕೃತಕ ಚಂದ್ರಮಣ್ಣು ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಬಂಡೆಯಿಂದ ಮಾಡಿದ್ದು. ಬೆಂಗಳೂರಿನಲ್ಲಿ ಚಂದ್ರಯಾನದ ಲ್ಯಾಂಡರ್, ರೋವರ್ ಪರೀಕ್ಷೆಗಳಿಗೆ ಬಳಕೆಯಾಯಿತು. ಧ್ರುವ ಪ್ರದೇಶದ ಮಣ್ಣಿಗೆ ಹೋಲುವುದು ಈ ಬಂಡೆಯೇ. ಅದು ಸಿಗದಿದ್ದರೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಬಸಾಲ್ಟ್ ಪುಡಿ ಸಾಕು. ಬಲದ ಪರೀಕ್ಷೆಯಲ್ಲಿ ರಾಸಾಯನಿಕ ರಚನೆಗಿಂತ ಕಣಗಳ ಗಾತ್ರ, ಆಕಾರ ಮುಖ್ಯ. ಕ್ರಷರ್‌ನಿಂದ ಹೊಸದಾಗಿ ಒಡೆದ ಕಲ್ಲಿನ ಪುಡಿಯನ್ನೇ ತನ್ನಿ. ಹಳೆಯ ರಾಶಿಯಲ್ಲಿ, ಶಿಥಿಲವಾದ ಕಲ್ಲಿನಲ್ಲಿ ಜೇಡಿ ಇರುತ್ತದೆ. ಜೇಡಿ ನೀರನ್ನು ತನ್ನೊಳಗೆ ಹಿಡಿದುಕೊಂಡು ಲೆಕ್ಕ ಕೆಡಿಸುತ್ತದೆ. ಒಂದು ಮಿಲಿಮೀಟರ್ ಜರಡಿ ಹಿಡಿಯಿರಿ, ತೂಕದ ಸುಮಾರು ಅರ್ಧ 70 ಮೈಕ್ರಾನ್‌ಗಿಂತ ನುಣುಪಾಗಿರಲಿ. ಮಣ್ಣನ್ನು ತೊಳೆಯಬೇಡಿ, ನುಣ್ಣನೆಯ ಪುಡಿ ಹೋಗಿಬಿಡುತ್ತದೆ. ಈ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಎನ್-95 ಮುಖಗವಸು ಕಡ್ಡಾಯ.

110 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿ ತೂಗಿ. ಮತ್ತೆ ಎರಡು ಗಂಟೆ ಒಣಗಿಸಿ ತೂಗಿದಾಗ ತೂಕ ಬದಲಾಗದಿದ್ದರೆ ಮಣ್ಣು ಸಿದ್ಧ.

ಅಚ್ಚು 5 ಸೆಂಟಿಮೀಟರ್ ವ್ಯಾಸ, 10 ಸೆಂಟಿಮೀಟರ್ ಎತ್ತರದ ಸಿಲಿಂಡರ್. ಗಾತ್ರ 196 ಘನ ಸೆಂಟಿಮೀಟರ್. ಒಣ ಸಾಂದ್ರತೆ 1.6 ಇರಬೇಕಾದರೆ ಮಣ್ಣು 314 ಗ್ರಾಂ. ಶೇ 5 ಎಂದರೆ ಒಟ್ಟು ತೂಕದ ಶೇ 5, ಅಂದರೆ ನೀರು 16.5 ಗ್ರಾಂ. ಒಣ ಮಣ್ಣಿನ ಶೇ 5 ಎಂದು ಲೆಕ್ಕ ಹಾಕಿದರೆ 15.7 ಬರುತ್ತದೆ. ಸಿವಿಲ್‌ನವರ ರೂಢಿ ಎರಡನೆಯದು, ಗ್ರಹವಿಜ್ಞಾನದವರದು ಮೊದಲನೆಯದು. ಯಾವುದನ್ನು ಬಳಸಿದಿರಿ ಎಂದು ಬರೆಯದಿದ್ದರೆ ನಿಮ್ಮ ಫಲಿತಾಂಶವನ್ನು ಯಾರೂ ಹೋಲಿಸಲಾರರು.

ಮೊದಲ ಬಗೆಗೆ ಶುದ್ಧೀಕರಿಸಿದ ನೀರನ್ನು ಮಣ್ಣಿಗೆ ಸಿಂಪಡಿಸಿ ಕಲಸಿ, ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಬಿಡಿ, ನೀರು ಸಮನಾಗಿ ಹರಡುತ್ತದೆ. ತೆಳು ಅಲ್ಯೂಮಿನಿಯಂ ಅಚ್ಚಿಗೆ ಐದು ಪದರಗಳಲ್ಲಿ ತುಂಬಿ, ಪ್ರತಿ ಪದರವನ್ನು 2 ಸೆಂಟಿಮೀಟರ್ ಎತ್ತರಕ್ಕೆ ಒತ್ತಿ. ಮುಂದಿನ ಪದರ ಹಾಕುವ ಮುನ್ನ ಮೇಲ್ಮೈಯನ್ನು ಗೀರಿ. ಇಲ್ಲವಾದರೆ ಪದರದ ಸಂದಿಯಲ್ಲೇ ಮುರಿಯುತ್ತದೆ. ಮುಚ್ಚಳ ಹಾಕಿ ಅಚ್ಚನ್ನು ದ್ರವ ಸಾರಜನಕದ ಆವಿಯಲ್ಲಿ ಅರ್ಧ ಗಂಟೆ ಹಿಡಿದು, ಆಮೇಲೆ ದ್ರವಕ್ಕೆ ಇಳಿಸಿ. ನೇರ ಮುಳುಗಿಸಿದರೆ ಬಿರುಕು ಬಿಡುತ್ತದೆ. ಮನೆಯ ಫ್ರೀಜರ್‌ನಲ್ಲಿ ನಿಧಾನವಾಗಿ ಒಂದು ಕಡೆಯಿಂದ ಹೆಪ್ಪುಗಟ್ಟಿಸಿದರೆ ನೀರು ತಣ್ಣಗಿರುವ ಬದಿಗೆ ಸರಿದು ಗಡ್ಡೆಯ ಹಾಳೆಗಳಾಗುತ್ತದೆ, ಮಾದರಿ ಒಳಗೊಂದು ಹೊರಗೊಂದು ಆಗುತ್ತದೆ.

ಎರಡನೆಯ ಬಗೆಯಲ್ಲಿ ಸೂಕ್ಷ್ಮ ಸ್ಪ್ರೇ ಬಾಟಲಿಯಿಂದ ನೀರನ್ನು ನೇರ ದ್ರವ ಸಾರಜನಕದ ಮೇಲೆ ಸಿಂಪಡಿಸಿ. ಹನಿಗಳು ಹರಳುಗಳಾಗಿ ತಳಕ್ಕೆ ಇಳಿಯುತ್ತವೆ. ಆ ದ್ರವದಲ್ಲೇ ತಣಿಸಿದ ಜರಡಿಯಲ್ಲಿ 150 ಮೈಕ್ರಾನ್‌ಗಿಂತ ದಪ್ಪನೆಯದನ್ನು ತೆಗೆದುಹಾಕಿ, ಉಳಿದ ಹರಳುಗಳನ್ನು ಅಷ್ಟೇ ತಣಿಸಿದ ಒಣ ಮಣ್ಣಿಗೆ ಲೋಹದ ಚಮಚದಿಂದ ಬೆರೆಸಿ, ತಣಿಸಿದ ಅಚ್ಚಿಗೆ ಒತ್ತಿ. ಎಲ್ಲವೂ ದ್ರವ ಸಾರಜನಕದ ತಟ್ಟೆಯ ಮೇಲೆಯೇ ನಡೆಯಬೇಕು. ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಸ್ವಲ್ಪ ಹೊತ್ತು ಇಟ್ಟರೂ ಹರಳುಗಳು ಒಂದಕ್ಕೊಂದು ಬೆಸೆದುಕೊಂಡು ಮೊದಲ ಬಗೆಯತ್ತ ವಾಲುತ್ತವೆ. ಈ ಬಗೆಯಲ್ಲಿ ಪದೇ ಪದೇ ಕಾಡುವ ತೊಂದರೆ ಗಾಳಿಯ ತೇವ. ಮಳೆಗಾಲದ ದಿನ ತೆರೆದಿಟ್ಟ ತಣ್ಣನೆಯ ಮಣ್ಣು ಕಣ್ಣೆದುರೇ ಹಿಮ ಹೀರುತ್ತದೆ, ಶೇ 5 ಹಾಕಿದ್ದು ಶೇ 6 ಆಗಿಬಿಡುತ್ತದೆ. ಪಾಲಿಥೀನ್ ಹಾಳೆಯ ಸಣ್ಣ ಗೂಡು ಕಟ್ಟಿ ಒಣ ಸಾರಜನಕ ಅನಿಲವನ್ನು ಸದಾ ಹರಿಸುತ್ತಿರಿ, ಮುರಿದ ಮೇಲೆ ಪ್ರತಿ ಮಾದರಿಯ ಮೇಲು, ನಡು, ತಳದ ತುಂಡುಗಳನ್ನು ತೂಗಿ ಒಣಗಿಸಿ ನಿಜವಾದ ನೀರಿನ ಪ್ರಮಾಣ ನೋಡಿ. ಹಾಕಿದ ಅಂಕಿಯಲ್ಲ, ಹೀಗೆ ಅಳೆದ ಅಂಕಿಯೇ ಗ್ರಾಫಿಗೆ ಹೋಗಬೇಕು.

ಮುರಿಯುವಾಗ ಯುಟಿಎಂನ ಬಿಸಿ ಫಲಕಗಳು ಮಾದರಿಯ ತುದಿಗಳನ್ನು ಕರಗಿಸುತ್ತವೆ. ಎರಡು ಬದಿಗೂ ತಣಿಸಿದ ಉಕ್ಕಿನ ಬಿಲ್ಲೆ ಇಟ್ಟು, ಸುತ್ತ ಥರ್ಮೊಕೋಲ್ ಕವಚ ಹಾಕಿ, ಹೊರತೆಗೆದ ಎರಡು ನಿಮಿಷದೊಳಗೆ ಪರೀಕ್ಷೆ ಮುಗಿಸಿ. ಇದಕ್ಕೆಂದೇ ಮೊದಲೇ ತಯಾರಿಸಿಟ್ಟ ಒಂದು ಹೆಚ್ಚುವರಿ ಮಾದರಿಯ ನಡುವಿಗೆ ಟಿ-ಟೈಪ್ ಥರ್ಮೋಕಪಲ್ (ತಾಪ ಅಳೆಯುವ ತಂತಿ ಜೋಡಿ) ಹೂತು, ಆ ಎರಡು ನಿಮಿಷದಲ್ಲಿ ಅದು ಎಷ್ಟು ಬಿಸಿಯಾಗುತ್ತದೆ ಎಂದು ನೋಡಿಕೊಳ್ಳಿ. ತಂತಿ ತೆಳ್ಳಗಿರಲಿ, ದಪ್ಪ ತಂತಿ ತಾನೇ ಹೊರಗಿನ ಶಾಖವನ್ನು ಒಳಗೆ ತರುತ್ತದೆ. ಪ್ರತಿ ಬಗೆಗೆ ಶೇ 0, 2, 5, 8ರ ನಾಲ್ಕು ಮಟ್ಟ, ಮಟ್ಟಕ್ಕೆ ಕನಿಷ್ಠ ಐದು ಮಾದರಿ. ಇವು ಒಂದರಂತೆ ಒಂದು ಮುರಿಯುವುದಿಲ್ಲ, ಮೂರೇ ಮಾದರಿಯಿಂದ ಸರಾಸರಿ ಹೇಳಬೇಡಿ. ಎರಡನೆಯ ಬಗೆಯ ಕೆಲವು ಮಾದರಿಗಳು ಅಚ್ಚಿನಿಂದ ತೆಗೆದ ಕೂಡಲೇ ಉದುರಿಹೋಗಬಹುದು. ಅದೂ ಫಲಿತಾಂಶವೇ, ಬಲ ಸೊನ್ನೆ ಎಂದು ದಾಖಲಿಸಿ.

ನಿರ್ವಾತದಲ್ಲಿ ಒಣಗಿಸುವ ಪ್ರಯೋಗವನ್ನೂ ಸೇರಿಸುವ ಆಸೆಯಿದ್ದರೆ ಮೊದಲು ರೋಟರಿ ಪಂಪಿನ ಮಿತಿ ತಿಳಿದಿರಿ. ಅದು ಸಾಧಾರಣವಾಗಿ 1 ಪಾಸ್ಕಲ್ ಆಸುಪಾಸಿಗೆ ಇಳಿಯುತ್ತದೆ. ರಂಧ್ರಗಳ ಗಾಳಿ ಶಾಖ ಒಯ್ಯುವುದನ್ನು ನಿಲ್ಲಿಸಲು ಅಷ್ಟು ಸಾಕು, ಹಾಗಾಗಿ ವಾಹಕತೆಯ ಅಳತೆ ಮಾಡಬಹುದು. ಉತ್ಪತನ ಮಾತ್ರ 213 ಕೆಲ್ವಿನ್‌ಗಿಂತ ಕೆಳಗೆ ನಂಬಿಕೆಗೆ ಬಾರದು, ಏಕೆಂದರೆ ಆ ತಾಪದಲ್ಲಿ ಗಡ್ಡೆಯ ಆವಿ ಒತ್ತಡವೇ 1 ಪಾಸ್ಕಲ್. ಗಾಳಿಯನ್ನು ನಿಧಾನವಾಗಿ ತೆಗೆಯಿರಿ. ವಾಲ್ವ್ ಒಮ್ಮೆಲೇ ತೆರೆದರೆ ಮಣ್ಣಿನೊಳಗಿನ ಗಾಳಿ ನುಗ್ಗಿ ಬಂದು ಮಣ್ಣು ಕುದಿಯುವಂತೆ ಎದ್ದು ಪಂಪಿಗೆ ಹೋಗುತ್ತದೆ. ಪಂಪಿನ ಮುಂದೆ ಆವಿಯನ್ನು ಹೆಪ್ಪುಗಟ್ಟಿಸಿ ಹಿಡಿಯುವ ಒಂದು ಕೋಲ್ಡ್ ಟ್ರ್ಯಾಪ್ ಇಡದಿದ್ದರೆ ನೀರಿನ ಆವಿ ಪಂಪಿನ ಎಣ್ಣೆಗೆ ಸೇರಿ ಅದನ್ನು ಹಾಲಿನಂತೆ ಬಿಳಿಚಿಸುತ್ತದೆ, ನಿರ್ವಾತ ಇಳಿಯುವುದೇ ನಿಲ್ಲುತ್ತದೆ.

ದ್ರವ ಸಾರಜನಕ ಸಿಗುವುದು ಕಷ್ಟವಲ್ಲ. ಹಸುಗಳ ಕೃತಕ ಗರ್ಭಧಾರಣೆಯ ವೀರ್ಯ ಕಡ್ಡಿಗಳನ್ನು ಇಡುವುದು ಅದರಲ್ಲೇ, ಪೂರೈಕೆದಾರರು ಜಿಲ್ಲೆಗಳಲ್ಲೂ ಇದ್ದಾರೆ. ಆದರೆ ಒಂದು ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾಗಿ ಎಚ್ಚರಿಕೆಯೇ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಕಿಟಕಿ ತೆರೆದಿರಲಿ, ಜೊತೆಗೆ ಇನ್ನೊಬ್ಬರು ಇರಲಿ, ಕಣ್ಣಿಗೆ ಮುಖಫಲಕ, ಕೈಗೆ ಸಡಿಲವಾದ ಕ್ರಯೋ ಕೈಗವಸು ಇರಲಿ. ದ್ರವ ಇರುವ ಪಾತ್ರೆಯನ್ನು, ಮಾದರಿಯ ಅಚ್ಚನ್ನು ಎಂದೂ ಬಿಗಿಯಾಗಿ ಮುಚ್ಚಬೇಡಿ; ಅಚ್ಚಿನ ಮುಚ್ಚಳದಲ್ಲಿ ಸೂಜಿರಂಧ್ರ ಬೇಕೇ ಬೇಕು.

ನಿಮ್ಮ ಅಂಕಿಗಳನ್ನು ಚಂದ್ರನ ಮೇಲಿನ ಅಳತೆಯ ಜೊತೆ ಹೋಲಿಸುವ ಅವಕಾಶವೂ ಬರಲಿದೆ. ಇಸ್ರೋ ಮತ್ತು ಜಪಾನಿನ ಜಾಕ್ಸಾ ಸೇರಿ ಮಾಡುತ್ತಿರುವ ಚಂದ್ರಯಾನ-5, ಅಂದರೆ ಲ್ಯೂಪೆಕ್ಸ್, ಯೋಜನೆಯಲ್ಲಿ ಇಸ್ರೋದ ಲ್ಯಾಂಡರ್ ಜಾಕ್ಸಾದ ರೋವರನ್ನು ದಕ್ಷಿಣ ಧ್ರುವ ಪ್ರದೇಶಕ್ಕೆ ಒಯ್ಯುತ್ತದೆ. ಆ ರೋವರ್ ಒಂದೂವರೆ ಮೀಟರ್‌ವರೆಗೆ ಕೊರೆದು, ಮಾದರಿಯನ್ನು ಬಿಸಿ ಮಾಡುತ್ತ ತೂಕ ಹೇಗೆ ಇಳಿಯುತ್ತದೆ ಎಂದು ಅಳೆಯುವ ಉಪಕರಣ ಹೊಂದಿರುತ್ತದೆ. ಯಾವ ತಾಪದಲ್ಲಿ ಎಷ್ಟು ವೇಗವಾಗಿ ತೂಕ ಇಳಿಯಿತು ಎನ್ನುವುದು ಗಡ್ಡೆಯ ರೂಪದ ಸುಳಿವು ಕೊಡುತ್ತದೆ. ಡ್ರಿಲ್ ಎದುರಿಸಿದ ಪ್ರತಿರೋಧ ಇನ್ನೊಂದು ಸುಳಿವು. ಹಾಗಾಗಿ ನಿಮ್ಮ ವರದಿಯಲ್ಲಿ ಬಲದ ಅಂಕಿಯ ಪಕ್ಕದಲ್ಲೇ ಅಳೆದ ನೀರಿನ ಪ್ರಮಾಣ, ಒಣ ಸಾಂದ್ರತೆ, ಕಣಗಾತ್ರದ ಹಂಚಿಕೆ, ಗಡ್ಡೆ ಸೇರಿಸಿದ ಬಗೆ, ಮುರಿಯುವಾಗಿನ ತಾಪಮಾನ, ಇಷ್ಟನ್ನೂ ಒಂದೇ ಕೋಷ್ಟಕದಲ್ಲಿ ಕೊಡಿ.